ಹಡಗಿನ ರಜೆಗೆ ನಾವು ತಯಾರಾದ ಬಗೆ

ಕ್ರೂಸ್‌ಗೆ ಏನೇನು ತಗೊಂಡು ಹೋಗಬೇಕು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಬೀರು ತೆಗೆಯಬೇಡಿ, ಹಡಗಿನ ವೇಳಾಪಟ್ಟಿ ತೆಗೆಯಿರಿ. ಹಡಗು ಯಾವ ಊರಲ್ಲಿ ನಿಲ್ಲುತ್ತದೆ, ದಡಕ್ಕೆ ಹೇಗೆ ಇಳಿಸುತ್ತಾರೆ, ಕೊಟ್ಟ ದುಡ್ಡಿನಲ್ಲಿ ಏನೇನು ಸೇರಿದೆ, ಇಷ್ಟು ಗೊತ್ತಾದರೆ ಸೂಟ್‌ಕೇಸ್ ಅರ್ಧ ತಾನಾಗಿ ತುಂಬುತ್ತದೆ.

ನಾವು ಹೋಗಿದ್ದು ಮೆಡಿಟರೇನಿಯನ್ ಕಡೆಗೆ. ಅಥೆನ್ಸ್‌ನ ಬಂದರು ಪಿರೇಯಸ್‌ನಲ್ಲಿ ಹತ್ತಿ, ರೋಮ್‌ನ ಬಂದರು ಚಿವಿಟಾವೆಕ್ಯಾದಲ್ಲಿ ಇಳಿದೆವು. ನಡುವೆ ಗ್ರೀಸ್‌ನ ಸ್ಯಾಂಟೊರಿನಿ ದ್ವೀಪ, ಟರ್ಕಿಯ ಕುಶಾದಸಿ, ಮತ್ತೆ ಗ್ರೀಸ್‌ನದೇ ರೋಡ್ಸ್ ದ್ವೀಪ, ಮಾಲ್ಟಾದ ವಲೆಟ್ಟಾ, ಇಟಲಿಯಲ್ಲಿ ಸಿಸಿಲಿ ದ್ವೀಪದ ತಾವೊರ್ಮಿನಾ, ಆಮೇಲೆ ಸೊರೆಂಟೊ.

ಹಡಗು ಆರಿಸುವುದರಲ್ಲೇ ತುಂಬಾ ದಿನ ಹೋಯಿತು. 'ಐಕಾನ್ ಆಫ್ ದಿ ಸೀಸ್'ನಂಥ ದೊಡ್ಡ ಹಡಗಿನಲ್ಲಿ ಕ್ಯಾಬಿನ್ನಿಗೆ ಇಬ್ಬರಂತೆ ಲೆಕ್ಕ ಹಾಕಿದರೂ 5,610 ಜನ. ಮಕ್ಕಳಿದ್ದರೆ ಅದು ಹಬ್ಬ, ಜಾರುಬಂಡೆ, ಈಜುಕೊಳ ಎಲ್ಲಾ ಇದೆ. ಸೀಬೋರ್ನ್ ಕಂಪನಿಯ 'ಎನ್‌ಕೋರ್' ಹಡಗಿನಲ್ಲಿ ಸುಮಾರು 600 ಜನ, ಸಿಲ್ವರ್‌ಸೀ ಕಂಪನಿಯ 'ಸಿಲ್ವರ್ ನೋವಾ'ದಲ್ಲಿ 728. ನಾವು ನೋಡಿದ್ದು ಈ ಸಣ್ಣ ಹಡಗುಗಳನ್ನೇ. ಐಷಾರಾಮಿ ಅಂದರೆ ಅಮೃತಶಿಲೆಯ ಬಚ್ಚಲು ಅಂದುಕೊಂಡವರಿದ್ದಾರೆ. ನನ್ನ ಲೆಕ್ಕದಲ್ಲಿ ಅದು ತಿಂಡಿಗೂ ದೋಣಿಗೂ ಕ್ಯೂ ನಿಲ್ಲದಿರುವುದು. ಆ ವಯಸ್ಸಿಗೆ ಬಂದಿದ್ದೇವೆ.

ದರ ನೋಡುವಾಗ ಮಾತ್ರ ನೋಟ್‌ಬುಕ್ ಇಟ್ಟುಕೊಳ್ಳಬೇಕು. ದೊಡ್ಡ ಹಡಗುಗಳ ದರ ಮೊದಲ ನೋಟಕ್ಕೆ ಅಗ್ಗ. ಆಮೇಲೆ ದಿನಕ್ಕೆ ತಲೆಗೆ ಇಷ್ಟು ಅಂತ ಟಿಪ್ಸು, ವೈಫೈ, ಪಾನೀಯ, ಊರು ತೋರಿಸುವ ಪ್ರವಾಸ, ಎಲ್ಲಕ್ಕೂ ಬೇರೆ ಬೇರೆ ಕಾಸು. ಐಷಾರಾಮಿ ಹಡಗುಗಳಲ್ಲಿ ಟಿಪ್ಸು, ಪಾನೀಯ ಸಾಮಾನ್ಯವಾಗಿ ಟಿಕೆಟ್ಟಿನಲ್ಲೇ ಸೇರಿರುತ್ತವೆ. ರೀಜೆಂಟ್ ಕಂಪನಿಯಲ್ಲಿ ಊರು ಸುತ್ತುವ ಪ್ರವಾಸಗಳೂ ಬಹುಪಾಲು ಸೇರಿವೆ. ನಾವಿಬ್ಬರೂ ಮದ್ಯ ಮುಟ್ಟುವವರಲ್ಲ, ಆ ಭಾಗ ನಮಗೆ ಶುದ್ಧ ನಷ್ಟ. ಅದನ್ನೂ ಒಂದು ಕಾಲಂನಲ್ಲಿ ಬರೆದೇ ಕೂಡಿಸಿದೆ. ಕೂಡಿಸಿದಾಗ ಎರಡರ ನಡುವಿನ ಅಂತರ ಜಾಹೀರಾತಿನಲ್ಲಿ ಕಾಣುವಷ್ಟು ಇರಲಿಲ್ಲ. ಇನ್ನೊಂದು ಗಮನಿಸಿ: ಬರೆದಿರುವ ದರ ಒಬ್ಬರಿಗೆ, ಅದೂ ಕ್ಯಾಬಿನ್ನಿನಲ್ಲಿ ಇಬ್ಬರಿದ್ದರೆ. ಒಬ್ಬರೇ ಹೋದರೆ ಜಾಸ್ತಿ ಬೀಳುತ್ತದೆ. ಭಾರತದಲ್ಲಿ ಬುಕ್ ಮಾಡಿದರೆ ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ. ಅದರ ದರ ಆಗಾಗ ಬದಲಾಗುತ್ತದೆ, ಆದಾಯ ತೆರಿಗೆ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ರಸೀದಿ ಎಸೆಯಬೇಡಿ.

ಕಾಲ ಯಾವುದು ಅನ್ನುವುದಕ್ಕೆ ನಮ್ಮ ಉತ್ತರ ಸೆಪ್ಟೆಂಬರ್ ಕೊನೆ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಕಡಲಿನಲ್ಲಿ ಮೆಲ್ಟೆಮಿ ಅನ್ನುವ ಬಡಗಣ ಗಾಳಿ ಜೋರು. ಅದು ಬೀಸಿದ ದಿನ ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುವುದೇ ಕಷ್ಟ. ಬಿಸಿಲೂ ವಿಪರೀತ. ಬೇಸಿಗೆಯ ಬಿಸಿಗಾಳಿಗೆ ಅಥೆನ್ಸ್‌ನ ಅಕ್ರೊಪೊಲಿಸ್ ಅನ್ನು ಮಧ್ಯಾಹ್ನ ಮುಚ್ಚಿದ್ದೂ ಉಂಟು. ಸೆಪ್ಟೆಂಬರ್ ಕೊನೆಗೆ ಜನ ಕಡಿಮೆ, ನೀರು ಇನ್ನೂ ಬೆಚ್ಚಗೆ. "ಪಿತೃಪಕ್ಷದಲ್ಲಿ ಸಮುದ್ರ ದಾಟ್ತೀರಾ?" ಅಂತ ನಮ್ಮತ್ತೆ ಒಂದು ಮಾತು ಅಂದರು. ಟಿಕೆಟ್ ಆಗಿತ್ತು, ದಾಟಿದೆವು.

ಕ್ಯಾಬಿನ್ ಆರಿಸುವಾಗ ನಮ್ಮನೆಯವರ ಹೊಟ್ಟೆಯೇ ತೀರ್ಮಾನ ಕೊಟ್ಟಿತು. ಆಗುಂಬೆ ಘಾಟಿಯ ಎರಡನೇ ತಿರುವಿಗೇ ಅವರಿಗೆ ತೊಳಸು ಶುರು. ಹಡಗಿನ ಮಧ್ಯಭಾಗದಲ್ಲಿ, ಆದಷ್ಟು ಕೆಳಗಿನ ಡೆಕ್ಕಿನಲ್ಲಿ ಅಲುಗಾಟ ಕಡಿಮೆ. ಮೂಗಿನ ತುದಿಯಲ್ಲೂ ಮೇಲ್ಗಡೆಯ ದುಬಾರಿ ಸೂಟ್‌ಗಳಲ್ಲೂ ಜಾಸ್ತಿ. ಡೆಕ್ ನಕ್ಷೆಯನ್ನು ದೊಡ್ಡದು ಮಾಡಿ ನೋಡಿ, ತಲೆ ಮೇಲೂ ಕಾಲ ಕೆಳಗೂ ಬೇರೆ ಕ್ಯಾಬಿನ್ನುಗಳೇ ಇರುವಂಥದ್ದು ಹಿಡಿದೆ. ಮೇಲೆ ಈಜುಕೊಳ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು ಗ್ಯಾರಂಟಿ.

ಇನ್ನು ವೀಸಾ. ಗ್ರೀಸ್, ಮಾಲ್ಟಾ, ಇಟಲಿ ಮೂರೂ ಷೆಂಗೆನ್ ಒಳಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನೊಳಗೆ ಬರುತ್ತವೆ. ಟರ್ಕಿ ಹೊರಗೆ. ಅಂದರೆ ಹಡಗು ಕುಶಾದಸಿಗೆ ಹೋದಾಗ ನಾವು ಷೆಂಗೆನ್‌ನಿಂದ ಹೊರಬಿದ್ದಂತೆ, ರೋಡ್ಸ್‌ಗೆ ಬಂದಾಗ ಮತ್ತೆ ಒಳಹೊಕ್ಕಂತೆ. ಒಂದೇ ಪ್ರವೇಶದ ವೀಸಾ ಇದ್ದರೆ ರೋಡ್ಸ್‌ನಲ್ಲೇ ಕಥೆ ಮುಗಿಯಿತು. ಹಾಗಾಗಿ ಅರ್ಜಿಯಲ್ಲಿ ಹಲವು ಪ್ರವೇಶದ ವೀಸಾ ಅಂತ ಗುರುತು ಹಾಕಿ, ಹಡಗಿನ ವೇಳಾಪಟ್ಟಿಯನ್ನು ಜೊತೆಗೆ ಲಗತ್ತಿಸಿದೆ. ಯಾವ ದೇಶಕ್ಕೆ ಅರ್ಜಿ ಅನ್ನುವುದಕ್ಕೆ ನಿಯಮ ಇದೆ: ಜಾಸ್ತಿ ದಿನ ಎಲ್ಲೋ ಅಲ್ಲಿಗೆ, ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಹಡಗು ಹತ್ತುವ ಮೊದಲು ಅಥೆನ್ಸ್‌ನಲ್ಲಿ ಉಳಿಯುವುದಿತ್ತು, ಗ್ರೀಸ್‌ಗೆ ಹಾಕಿದೆವು. ಆರು ತಿಂಗಳಿಗಿಂತ ಮುಂಚೆ ಅರ್ಜಿ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳಲು ಶುರುವಾದ ಕೂಡಲೇ ಹಾಕಿ, ಬೇಸಿಗೆಗೆ ಮುಂಚೆ ಸ್ಲಾಟ್ ಸಿಗುವುದು ದುಸ್ತರ. ಟರ್ಕಿಯಲ್ಲಿ ಕ್ರೂಸ್ ಪ್ರಯಾಣಿಕರಿಗೆ ನಿಯಮವೇ ಬೇರೆ, ಅದನ್ನು ಹಡಗಿನ ಕಂಪನಿಯಿಂದ ಬರಹದಲ್ಲೇ ತರಿಸಿಕೊಂಡೆ.

ಷೆಂಗೆನ್‌ಗೆ ಕನಿಷ್ಠ 30,000 ಯೂರೊ ವಿಮೆ ಕಡ್ಡಾಯ. ವೀಸಾ ಸಿಗಲು ಅಷ್ಟು ಸಾಕು, ಹಡಗಿಗೆ ಸಾಲದು. ಹಡಗಿನ ವೈದ್ಯರ ಬಿಲ್ಲು, ನಡು ಕಡಲಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು, ವಿಮಾನ ತಡವಾಗಿ ಹಡಗು ತಪ್ಪಿದರೆ ಆಗುವ ನಷ್ಟ, ಈ ಮೂರೂ ಪಾಲಿಸಿಯಲ್ಲಿ ಇದೆಯಾ ಅಂತ ಕೇಳಿ. ವಿಮಾನ ತಡವಾಯಿತು ಅಂತ ಹಡಗು ಕಾಯುವುದಿಲ್ಲ. ಅದೇ ದಿನ ವಿಮಾನದಲ್ಲಿ ಹೋಗಿ ಅದೇ ದಿನ ಹತ್ತುವ ಧೈರ್ಯ ನನಗಂತೂ ಇಲ್ಲ.

ಈಗ ಬಂದರುಗಳ ಪಟ್ಟಿಗೆ ಬರುತ್ತೇನೆ, ಪೆಟ್ಟಿಗೆಯನ್ನು ನಿಜವಾಗಿ ತುಂಬಿದ್ದು ಅದೇ. ಸ್ಯಾಂಟೊರಿನಿಯಲ್ಲಿ ಹಡಗು ಕಡಲಲ್ಲೇ ನಿಲ್ಲುತ್ತದೆ. ಟೆಂಡರ್ ಅನ್ನುವ ದೋಣಿಯಲ್ಲಿ ದಡಕ್ಕೆ ಬಿಡುತ್ತಾರೆ. ಅಲ್ಲಿಂದ ಮೇಲಿನ ಫಿರಾ ಊರಿಗೆ ಕೇಬಲ್ ಕಾರ್, ಇಲ್ಲವೇ ಐನೂರಕ್ಕೂ ಹೆಚ್ಚು ಮೆಟ್ಟಿಲು. ಆ ಮೆಟ್ಟಿಲಲ್ಲಿ ಕತ್ತೆಗಳೂ ಓಡಾಡುತ್ತವೆ, ಅವುಗಳ ಲದ್ದಿಯೂ ಇರುತ್ತದೆ. ತೆರೆದ ಚಪ್ಪಲಿ ಪಟ್ಟಿಯಿಂದ ಹೊರಬಿತ್ತು. ತಾವೊರ್ಮಿನಾ, ಸೊರೆಂಟೊದಲ್ಲೂ ದೋಣಿಯೇ. ದೋಣಿ ಹತ್ತುವಾಗ ಎರಡೂ ಕೈ ಖಾಲಿ ಇರಬೇಕು, ಹೆಗಲಿಗೆ ಅಡ್ಡ ಹಾಕುವ ಚೀಲ ಬಂತು. ಕುಶಾದಸಿಯಿಂದ ಹೋಗುವ ಎಫೆಸಸ್ ಅನ್ನುವ ಪುರಾತನ ಪಾಳು ಊರಲ್ಲಿ ಅಮೃತಶಿಲೆಯ ರಸ್ತೆ, ಸವೆದು ಜಾರುತ್ತದೆ, ನೆರಳು ಇಲ್ಲವೇ ಇಲ್ಲ. ಹಿಡಿತ ಇರುವ ಶೂ, ಅಗಲ ಅಂಚಿನ ಟೋಪಿ, ನೀರಿನ ಬಾಟಲಿ. ವಲೆಟ್ಟಾದ ಸೇಂಟ್ ಜಾನ್ ಕೋ-ಕೆಥೆಡ್ರಲ್ ಅನ್ನುವ ಚರ್ಚಿನ ನೆಲದ ತುಂಬಾ ಬಣ್ಣದ ಅಮೃತಶಿಲೆಯ ಸಮಾಧಿ ಕಲ್ಲುಗಳು. ಅವು ಹಾಳಾಗದಿರಲಿ ಅಂತ ಚೂಪು ಹಿಮ್ಮಡಿಯ ಚಪ್ಪಲಿ ಹಾಕಿದವರನ್ನು ಒಳಗೆ ಬಿಡುವುದಿಲ್ಲ. ಅಲ್ಲೂ ರೋಮ್ ನಡುವಿನ ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚರ್ಚಿನಲ್ಲೂ ಭುಜ ಮುಚ್ಚಿರಬೇಕು. ಒಂದು ಹತ್ತಿ ದುಪ್ಪಟ್ಟಾ ಎರಡಕ್ಕೂ ಆಯಿತು, ಬಿಸಿಲಿಗೂ ಆಯಿತು.

ಊರು ನೋಡಲು ಹಡಗಿನವರ ಪ್ರವಾಸ ತಗೊಳ್ಳಬೇಕಾ, ನಾವೇ ಹೋಗಬೇಕಾ? ದೂರ ಇದ್ದರೆ ಹಡಗಿನವರದ್ದು. ಅವರದೇ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಅವರೇ ತಲುಪಿಸುತ್ತಾರೆ. ಎಫೆಸಸ್‌ಗೆ ಹಾಗೇ ಹೋದೆವು. ರೋಡ್ಸ್, ವಲೆಟ್ಟಾಗಳಲ್ಲಿ ಹಳೇ ಕೋಟೆ ಬಂದರಿನ ಪಕ್ಕದಲ್ಲೇ ಇದೆ, ಸುಮ್ನೆ ದುಡ್ಡು ಯಾಕೆ ಅಂತ ನಡೆದೇ ಹೋದೆವು. ಕೈಗಡಿಯಾರ ಮಾತ್ರ ಹಡಗಿನ ಸಮಯಕ್ಕೆ ಇರಲಿ. ಫೋನು ತಾನಾಗಿ ದಡದ ಸಮಯಕ್ಕೆ ತಿರುಗಿಕೊಳ್ಳುತ್ತದೆ, ಎರಡೂ ಒಂದೇ ಆಗಿರಬೇಕೆಂದಿಲ್ಲ.

ಬಟ್ಟೆಯ ವಿಷಯದಲ್ಲಿ ಹಡಗಿನ ಕಾಗದ ಓದಿದ್ದು ಉಪಕಾರ ಆಯಿತು. ನಾವು ಹೋದ ಹಡಗಿನಲ್ಲಿ ಪ್ರಯಾಣಿಕರೇ ಬಟ್ಟೆ ಒಗೆದುಕೊಳ್ಳುವ ಕೋಣೆ ಇತ್ತು. ಮೆಷಿನ್, ಸೋಪಿನ ಪುಡಿ, ಇಸ್ತ್ರಿ ಪೆಟ್ಟಿಗೆ ಎಲ್ಲಾ ಪುಕ್ಕಟೆ. ಹಾಗಾಗಿ ಹಗಲಿನ ಬಟ್ಟೆ ಅರ್ಧ ಪ್ರಯಾಣಕ್ಕಾಗುವಷ್ಟು ಮಾತ್ರ. ಅಂದ ಹಾಗೆ, ಅಷ್ಟು ದುಡ್ಡು ಕೊಟ್ಟು ಬಂದವರೆಲ್ಲ ಅಲ್ಲಿ ಪೈಜಾಮದಲ್ಲಿ ನಿಂತು ಮಾತಾಡುತ್ತಾರೆ. ಯಾವ ಊರಲ್ಲಿ ಎಲ್ಲಿ ಒಳ್ಳೆ ಕಾಫಿ ಅಂತ ನನಗೆ ಗೊತ್ತಾಗಿದ್ದು ಅಲ್ಲೇ.

ಸಂಜೆಗೆ ಉಡುಪಿನ ನಿಯಮ ಇರುತ್ತದೆ. ಕೆಲವು ಸಂಜೆ ಸ್ವಲ್ಪ ಗತ್ತಿನದ್ದು. ಗೌನ್ ಹುಡುಕಿಕೊಂಡು ಅಂಗಡಿ ಅಲೆಯುವ ಕೆಲಸ ನಮಗೆ ಬೇಡ, ಸೀರೆ ಇದೆ. ಆದರೆ ಕಾಂಜೀವರಂ ತೂಕ ಜಾಸ್ತಿ, ಮಡಿಕೆ ಬಿದ್ದರೆ ಏಳುವುದಿಲ್ಲ. ಮೈಸೂರು ಸಿಲ್ಕ್ ಕ್ರೇಪ್ ಸೀರೆ ಹಗುರ, ಸುಕ್ಕು ಬೀಳುವುದೂ ಕಡಿಮೆ. ಅವನ್ನೇ ಆರಿಸಿದೆ. ಒಂದೊಂದನ್ನೂ ಹಳೇ ಹತ್ತಿ ಪಂಚೆಯ ತುಂಡಿನಲ್ಲಿ ಸುರುಳಿ ಸುತ್ತಿದೆ. ಅದರ ರವಿಕೆ, ಲಂಗ, ಸರ ಅದೇ ಗಂಟಿನಲ್ಲಿ. ಸಂಜೆ ಒಂದು ಗಂಟು ಬಿಚ್ಚಿದರೆ ಸಾಕು, ಸೂಟ್‌ಕೇಸ್ ಕೆದಕುವುದು ತಪ್ಪಿತು. ಪಿನ್ನು ಎಂದಿಗಿಂತ ಜಾಸ್ತಿ ಇಟ್ಟುಕೊಳ್ಳಿ, ಡೆಕ್ಕಿನ ಗಾಳಿ ಸೆರಗನ್ನು ಬಿಡುವುದಿಲ್ಲ. ನಮ್ಮನೆಯವರು ಒಂದು ಸಂಜೆ ರೇಷ್ಮೆ ಪಂಚೆ ಉಡುತ್ತೇನೆ ಅಂದರು. "ಗಾಳಿ ಇರುತ್ತೆ ಅಲ್ವಾ?" ಅಂದೆ. ಕತ್ತಿನವರೆಗೆ ಗುಂಡಿ ಹಾಕುವ ಒಂದು ಬಂದ್‌ಗಲಾ ಕೋಟಿಗೆ ಒಪ್ಪಿಕೊಂಡರು. ಕರೀ ಪ್ಯಾಂಟಿನ ಮೇಲೆ ಅದು ಟೈ ಕಟ್ಟಿದವರ ನಡುವೆ ಚೆನ್ನಾಗಿಯೇ ಕಾಣುತ್ತಿತ್ತು.

ಹಡಗಿಗೆ ತರಬಾರದ ವಸ್ತುಗಳ ಪಟ್ಟಿಯಲ್ಲಿ ನಮ್ಮ ಮನೆಯ ಅರ್ಧ ಸಾಮಾನಿದೆ: ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್, ನೀರು ಕಾಯಿಸುವ ಕಾಯಿಲ್, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬಾಕ್ಸ್, ಬೆಂಕಿ ಹಚ್ಚುವಂಥ ಯಾವುದೂ. ಸಿಕ್ಕರೆ ತೆಗೆದಿಟ್ಟುಕೊಳ್ಳುತ್ತಾರೆ. ದೀಪ, ಊದುಬತ್ತಿಯೂ ಆಗುವುದಿಲ್ಲ. ದೇವರ ಸಣ್ಣ ಫೋಟೋ, ಬ್ಯಾಟರಿಯ ಒಂದು ಪುಟ್ಟ ದೀಪ ಇಟ್ಟುಕೊಂಡೆವು. ಕಾಫಿಗೆ ಮಾತ್ರ ರಾಜಿ ಇಲ್ಲ. ಸ್ಟೀಲ್ ಫಿಲ್ಟರ್‌ಗೆ ಕರೆಂಟ್ ಬೇಡವಲ್ಲ! ಬಿಸಿನೀರು, ಬಿಸಿಹಾಲು ಕೇಳಿದರೆ ಕ್ಯಾಬಿನ್ ಹುಡುಗ ತಂದುಕೊಡುತ್ತಿದ್ದ.

ಊಟದ ಬಗ್ಗೆ ಬುಕಿಂಗ್ ಆದ ಮೇಲೆ ಇಮೇಲ್ ಬರೆದೆ. ಬರೀ ಸಸ್ಯಾಹಾರಿ ಅಂದರೆ ಅವರಿಗೆ ಮೊಟ್ಟೆ ನಡೆಯುತ್ತದೆ. ಮೊಟ್ಟೆ ಇಲ್ಲ, ಮೀನಿನ ಸಾಸ್ ಇಲ್ಲ, ಜೆಲಾಟಿನ್ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಸರಿ ಅಂತ ಬಿಡಿಸಿ ಬರೆಯಬೇಕು. ಹಡಗಿನಲ್ಲಿ ಹಿಂದಿನ ರಾತ್ರಿಯೇ ಮರುದಿನದ ಮೆನು ತೋರಿಸಿ ಕೇಳುತ್ತಿದ್ದರು. ಅಡುಗೆಮನೆಯಲ್ಲಿ ಗೋವಾದವರೊಬ್ಬರಿದ್ದರು, ಬೇಳೆ, ಅನ್ನ, ಪಲ್ಯಕ್ಕೆ ಕೊರತೆ ಆಗಲಿಲ್ಲ. ಚಟ್ನಿಪುಡಿ, ಉಪ್ಪಿನಕಾಯಿ ಅಂಗಡಿಯ ಸೀಲ್ ಆದ ಪ್ಯಾಕೆಟ್ಟಿನದ್ದೇ ಒಯ್ದೆ, ಮನೆಯಲ್ಲಿ ಮಾಡಿದ್ದನ್ನು ಹಡಗಿನವರು ಬಿಡುವುದು ಅನುಮಾನ. ತುಪ್ಪ, ಪೇಡ ಮನೆಯಲ್ಲೇ ಉಳಿದವು. ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ.

ಸಣ್ಣಪುಟ್ಟದ್ದರಲ್ಲಿ ನನಗೆ ಇಷ್ಟವಾದದ್ದು ಅಯಸ್ಕಾಂತದ ಕೊಕ್ಕೆ. ಕ್ಯಾಬಿನ್ನಿನ ಗೋಡೆ ಉಕ್ಕಿನದ್ದು, ಅಂಟಿಸಿದರೆ ಟೋಪಿ, ಚೀಲ, ಒದ್ದೆ ಈಜುಡುಗೆ ಎಲ್ಲಾ ನೇತು ಹಾಕಬಹುದು. ಪ್ಲಗ್‌ಗೆ ಯುರೋಪಿನ ದುಂಡು ಎರಡು ಪಿನ್ನಿನ ಅಡಾಪ್ಟರ್ ಬೇಕು. ಬಂದರು ಬಿಟ್ಟ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಮಾತ್ರ ಇಟ್ಟುಕೊಳ್ಳಿ. ಕಡಲ ಮೇಲಿನ ನೆಟ್‌ವರ್ಕ್ ಹಿಡಿದುಕೊಂಡರೆ ಬಿಲ್ಲು ಮೂಗಿನ ಮೇಲೆ ಬೆರಳಿಡುವಂತೆ ಬರುತ್ತದೆ. ವಾಂತಿಗೆ ಡಾಕ್ಟರನ್ನು ಕೇಳಿ ಅವೊಮಿನ್ ತಂದಿದ್ದೆವು. ಅಲೆ ಏಳುವ ಮೊದಲೇ ನುಂಗಬೇಕು, ಎದ್ದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ಊಟಕ್ಕೆ ಮುಂಚೆ ಸೋಪಿನಲ್ಲೇ ಕೈ ತೊಳೆಯಿರಿ. ಹಡಗುಗಳಲ್ಲಿ ಹರಡುವ, ವಾಂತಿ ಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಜಗ್ಗುವುದಿಲ್ಲ.

ತುಂಬುವಾಗ ಇಬ್ಬರ ಬಟ್ಟೆಯನ್ನೂ ಎರಡೂ ಸೂಟ್‌ಕೇಸಿಗೆ ಹಂಚಿದೆ. ವಿಮಾನದವರು ಒಂದನ್ನು ಕಳೆದರೂ ಇಬ್ಬರಿಗೂ ಉಡಲು ಇರುತ್ತದೆ. ಬಂದರಿನಲ್ಲಿ ಸೂಟ್‌ಕೇಸ್ ಕೊಟ್ಟರೆ ಅದು ಕ್ಯಾಬಿನ್ನಿಗೆ ಬರುವಷ್ಟರಲ್ಲಿ ಸಂಜೆಯಾಗಬಹುದು. ಅಷ್ಟರೊಳಗೆ ಊಟ ಇದೆ, ಈಜುಕೊಳ ಇದೆ, ಹಡಗು ಹೊರಡುವ ಮೊದಲು ಎಲ್ಲರೂ ಮಾಡಲೇಬೇಕಾದ ಸುರಕ್ಷತಾ ಕವಾಯತು ಇದೆ. ಪಾಸ್‌ಪೋರ್ಟ್, ಬಿ.ಪಿ. ಮಾತ್ರೆ, ಒಂದು ಜೊತೆ ಬಟ್ಟೆ, ಈಜುಡುಗೆ ಕೈಚೀಲದಲ್ಲೇ ಇರಲಿ.

ಕೊನೆಯ ರಾತ್ರಿ ಇದೇ ಲೆಕ್ಕ ತಿರುವುಮುರುವು. ಮಲಗುವ ಮುಂಚೆ ಸೂಟ್‌ಕೇಸ್ ಬಾಗಿಲ ಹೊರಗೆ ಇಡಬೇಕು, ಬೆಳಿಗ್ಗೆ ದಡದಲ್ಲಿ ಸಿಗುತ್ತದೆ. ಮರುದಿನದ ಬಟ್ಟೆ, ಚಪ್ಪಲಿ, ಔಷಧಿ ಹೊರಗೆ ತೆಗೆದಿಟ್ಟೇ ಬೀಗ ಹಾಕಿದೆ. ಚಿವಿಟಾವೆಕ್ಯಾದಿಂದ ರೋಮ್ ಸುಮಾರು 70 ಕಿ.ಮೀ. ಬಂದರಿನ ಬಸ್ಸು, ಆಮೇಲೆ ರೈಲು. ರೋಮ್‌ನ ಕಲ್ಲುಹಾಸಿನ ಬೀದಿಯಲ್ಲಿ ಸಣ್ಣ ಚಕ್ರದ ಸೂಟ್‌ಕೇಸ್ ಎಳೆಯುವುದು ಬೇಡ ಅಂತ ಟರ್ಮಿನಿ ನಿಲ್ದಾಣದ ಪಕ್ಕದಲ್ಲೇ ರೂಮು ಹಿಡಿದಿದ್ದೆವು.