ಒಎಲ್‌ಇಡಿ ಸಂಶೋಧಕರ ಪ್ರಕಟಣೆ ಮತ್ತು ಉಲ್ಲೇಖಗಳ ದಾಖಲೆಯನ್ನು ಓದುವ ಬಗೆ

ಪಿಎಚ್‌ಡಿಗೆ ಮಾರ್ಗದರ್ಶಕರನ್ನು ಹುಡುಕುವ ವಿದ್ಯಾರ್ಥಿಯಾಗಲಿ, ನೇಮಕಾತಿ ಸಮಿತಿಯಲ್ಲಿ ಕುಳಿತವರಾಗಲಿ, ಸಂಶೋಧಕರ ಹೆಸರಿನ ಪಕ್ಕದಲ್ಲಿ ಕಾಣುವ ಒಟ್ಟು ಉಲ್ಲೇಖಗಳ (ಅಂದರೆ ಬೇರೆ ಪ್ರಬಂಧಗಳು ಅವರ ಕೆಲಸವನ್ನು ಆಧಾರವಾಗಿ ಹೆಸರಿಸಿದ್ದರ) ಸಂಖ್ಯೆಯನ್ನಷ್ಟೇ ನೋಡಿ ತೀರ್ಮಾನಕ್ಕೆ ಬಂದುಬಿಡುವುದುಂಟು. ಸಾವಯವ, ಅಂದರೆ ಇಂಗಾಲದ ಸಂಯುಕ್ತಗಳ, ಪದರಗಳಲ್ಲಿ ವಿದ್ಯುತ್ ಹರಿಸಿ ಬೆಳಕು ಹೊಮ್ಮಿಸುವ ಒಎಲ್‌ಇಡಿ ಕ್ಷೇತ್ರದಲ್ಲಿ ಈ ಅವಸರ ಹೆಚ್ಚು ದಾರಿ ತಪ್ಪಿಸುತ್ತದೆ. ಇಲ್ಲಿ ಅಣುವನ್ನು ತಯಾರಿಸುವ ರಸಾಯನ ವಿಜ್ಞಾನಿ, ಸಾಧನವನ್ನು ಕಟ್ಟಿ ಅಳೆಯುವ ಭೌತವಿಜ್ಞಾನಿ ಒಂದೇ ಪ್ರಬಂಧದಲ್ಲಿ ಸೇರಿರುತ್ತಾರೆ; ಜೊತೆಗೆ ಗಣನೀಯ ಭಾಗದ ಕೆಲಸ ಕಂಪನಿಗಳ ಒಳಗೇ ನಡೆಯುತ್ತದೆ.

ಮೊದಲು ಹೆಸರನ್ನು ಖಚಿತಪಡಿಸಿಕೊಳ್ಳಿ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಒಂದು ಪ್ರಬಂಧದಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಬರುವುದರಿಂದ ಒಬ್ಬರ ಕೆಲಸ ಇಬ್ಬರ ಹೆಸರಿನಲ್ಲಿ ಹಂಚಿಹೋಗುತ್ತದೆ. ಪ್ರತಿ ಸಂಶೋಧಕರಿಗೂ ಪ್ರತ್ಯೇಕವಾಗಿ ಸಿಗುವ ಆರ್ಕಿಡ್ (ORCID) ಗುರುತುಸಂಖ್ಯೆ ಇದ್ದರೆ ಅದರಿಂದ ಆರಂಭಿಸಿ, ಬಳಿಕ ಪ್ರಬಂಧಗಳನ್ನೂ ಉಲ್ಲೇಖಗಳನ್ನೂ ದಾಖಲಿಸುವ ಗೂಗಲ್ ಸ್ಕಾಲರ್ ಮತ್ತು ಸ್ಕೋಪಸ್ ಜಾಲತಾಣಗಳ ಪಟ್ಟಿಗಳನ್ನು ಹೋಲಿಸಿ. ಮೊದಲನೆಯದು ಪ್ರೌಢಪ್ರಬಂಧ, ಪೇಟೆಂಟ್‌ಗಳನ್ನೂ ಎಣಿಸುವುದರಿಂದ ಅಲ್ಲಿನ ಸಂಖ್ಯೆ ಸಾಮಾನ್ಯವಾಗಿ ದೊಡ್ಡದಿರುತ್ತದೆ. ಎರಡನ್ನೂ ಬೆರೆಸಿ ಹೇಳಬಾರದು.

ಹುಡುಕುವ ಪದವನ್ನು ಕಾಲಕ್ಕೆ ತಕ್ಕಂತೆ ಬದಲಿಸಬೇಕು. ಈಸ್ಟ್‌ಮನ್ ಕೊಡಕ್‌ನ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್‌ಸ್ಲೈಕ್ 1987ರಲ್ಲಿ ಪ್ರಕಟಿಸಿದ ಮೂಲ ಪ್ರಬಂಧದ ಶೀರ್ಷಿಕೆ ‘ಆರ್ಗ್ಯಾನಿಕ್ ಎಲೆಕ್ಟ್ರೋಲುಮಿನೆಸೆಂಟ್ ಡಯೋಡ್ಸ್’. ಅದರಲ್ಲಿ ಒಎಲ್‌ಇಡಿ ಎಂಬ ಪದವೇ ಇಲ್ಲ. ಕೇಂಬ್ರಿಡ್ಜ್ ತಂಡದ 1990ರ ಪ್ರಬಂಧ ಸಂಯುಗ್ಮಿತ ಪಾಲಿಮರ್‌ಗಳ (ಒಂಟಿ ಮತ್ತು ಜೋಡಿ ಬಂಧಗಳು ಸರದಿಯಾಗಿ ಬರುವ ಉದ್ದ ಸರಪಳಿಯ ಅಣುಗಳ) ಹೆಸರಿನಲ್ಲಿದೆ.

ಮುಂದಿನದು ಎಚ್-ಸೂಚ್ಯಂಕ: ಕನಿಷ್ಠ ಅಷ್ಟಷ್ಟು ಉಲ್ಲೇಖಗಳಿರುವ ಪ್ರಬಂಧಗಳು ಎಷ್ಟಿವೆಯೋ ಆ ಗರಿಷ್ಠ ಸಂಖ್ಯೆ; ಆರು ಪ್ರಬಂಧಗಳಿಗೆ ತಲಾ ಆರಾದರೂ ಉಲ್ಲೇಖಗಳಿದ್ದರೆ ಸೂಚ್ಯಂಕ ಕನಿಷ್ಠ 6. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಈ ಅಳತೆಯನ್ನು ಒಮ್ಮೆ ಕೈಯಿಂದಲೇ ಲೆಕ್ಕ ಹಾಕಿ ನೋಡಿದರೆ ಅದರ ಮಿತಿ ತಾನಾಗಿ ತಿಳಿಯುತ್ತದೆ. ಒಬ್ಬರ ಎಂಟು ಪ್ರಬಂಧಗಳಿಗೆ ಕ್ರಮವಾಗಿ 210, 64, 31, 12, 9, 7, 5, 3 ಉಲ್ಲೇಖಗಳಿವೆ ಎಂದುಕೊಳ್ಳೋಣ. ಆರನೆಯದಕ್ಕೆ 7 ಇವೆ, ಏಳನೆಯದಕ್ಕೆ 5 ಮಾತ್ರ. ಹಾಗಾಗಿ ಸೂಚ್ಯಂಕ 6. ಮೊದಲ ಪ್ರಬಂಧದ 210 ನಾಳೆ 10,000 ಆದರೂ ಈ 6 ಕದಲುವುದಿಲ್ಲ. ಟ್ಯಾಂಗ್ ಅವರ 1987ರ ಪ್ರಬಂಧದಂತೆ ಇಡೀ ಕ್ಷೇತ್ರವನ್ನೇ ತೆರೆದ ಕೆಲಸವನ್ನು ಕಾಣಲಾರದ ಅಳತೆಯನ್ನು ಒಂಟಿಯಾಗಿ ನಂಬುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಹೆಚ್ಚು ಸಮಯ ಕೊಡಬೇಕಾದದ್ದು ಉಲ್ಲೇಖ ಬಂದಿರುವ ವಾಕ್ಯಕ್ಕೆ. ಉಲ್ಲೇಖಿಸಿದ ಹತ್ತು ಪ್ರಬಂಧಗಳನ್ನು ತೆರೆದು, ಆ ಸಂಶೋಧಕರ ಹೆಸರು ಪೀಠಿಕೆಯ ಮೊದಲ ಸಾಲಿನ ಉದ್ದ ಸರಣಿಯಲ್ಲಿ ಸಿಕ್ಕಿಕೊಂಡಿದೆಯೋ, ಅಥವಾ ‘ಈ ಪದರವನ್ನು ಅವರ ವಿಧಾನದಂತೆ ತಯಾರಿಸಿದೆವು’ ಎನ್ನುವಲ್ಲಿ ಬಂದಿದೆಯೋ ನೋಡಿ. ಎರಡನೆಯ ಬಗೆಯದು ಒಂದಿದ್ದರೂ ಬೆಲೆ ಹೆಚ್ಚು. ತಮ್ಮ ಕೆಲಸವನ್ನು ತಾವೇ ಹೆಸರಿಸಿದ ಸ್ವಂತ ಉಲ್ಲೇಖಗಳನ್ನೂ, ಇತರರ ಕೆಲಸವನ್ನು ಒಟ್ಟುಗೂಡಿಸಿ ಹೇಳುವ ಸಮೀಕ್ಷಾ ಲೇಖನಗಳನ್ನೂ ಬೇರೆಯಾಗಿ ಎಣಿಸಿ.

ಲೇಖಕರ ಕ್ರಮವೂ ಮಾತಾಡುತ್ತದೆ: ಸಾಮಾನ್ಯವಾಗಿ ಮೊದಲ ಹೆಸರು ಹೆಚ್ಚು ಕೆಲಸ ಮಾಡಿದವರದು, ಕೊನೆಯದು ತಂಡ ನಡೆಸುವವರದು. ಫಾಸ್ಫರೆಸೆನ್ಸ್ (ಸಾಮಾನ್ಯ ಪ್ರತಿದೀಪ್ತಿಯಲ್ಲಿ ವ್ಯರ್ಥವಾಗುವ ಶಕ್ತಿಯಿಂದಲೂ ಬೆಳಕು ಹೊಮ್ಮುವ ಬಗೆ) ಬಳಸಿ ದಕ್ಷತೆ ಹೆಚ್ಚಿಸಿದ 1998ರ ‘ನೇಚರ್’ ಪ್ರಬಂಧದಲ್ಲಿ ಮೊದಲ ಹೆಸರು ಮಾರ್ಕ್ ಬಾಲ್ಡೊ, ಕೊನೆಯ ಎರಡು ಹೆಸರುಗಳು ಮಾರ್ಕ್ ಥಾಂಪ್ಸನ್ ಮತ್ತು ಸ್ಟೀಫನ್ ಫಾರೆಸ್ಟ್. ಥಾಂಪ್ಸನ್ ರಸಾಯನದವರು, ಫಾರೆಸ್ಟ್ ಸಾಧನದವರು. ಇಂಥಲ್ಲಿ ಇಡೀ ಉಲ್ಲೇಖವನ್ನು ಒಬ್ಬರ ಖಾತೆಗೆ ಬರೆಯಲಾಗದು.

ಪೇಟೆಂಟ್ ನೋಡದೆ ಈ ಕ್ಷೇತ್ರದವರ ದಾಖಲೆ ಪೂರ್ಣವಾಗದು. ಟ್ಯಾಂಗ್ ಅವರಿಗೆ ಸಾವಯವ ಬೆಳಕಿನ ಕೋಶಕ್ಕೆ ಅಮೆರಿಕದ ಪೇಟೆಂಟ್ ದೊರೆತದ್ದು 1982ರಲ್ಲಿ, ಅಂದರೆ ಪ್ರಬಂಧಕ್ಕಿಂತ ಐದು ವರ್ಷ ಮೊದಲು. ಪೇಟೆಂಟಿನ ಉಲ್ಲೇಖಗಳಲ್ಲಿ ಕೆಲವನ್ನು ಸೇರಿಸುವವರು ಪೇಟೆಂಟ್ ಕಚೇರಿಯ ಪರೀಕ್ಷಕರೇ. ಈಚಿನ ಅಮೆರಿಕನ್ ಪೇಟೆಂಟ್‌ಗಳ ಮುಖಪುಟದಲ್ಲಿ ಅವುಗಳ ಪಕ್ಕ ನಕ್ಷತ್ರ ಚಿಹ್ನೆ ಇರುತ್ತದೆ, ಅದನ್ನು ಗಮನಿಸಿ.

ಕೊನೆಗೆ, ಹೆಚ್ಚು ಉಲ್ಲೇಖಗೊಂಡ ಮೂರು ಪ್ರಬಂಧಗಳನ್ನಾದರೂ ಓದಿ. ಕ್ಯೂಶು ವಿಶ್ವವಿದ್ಯಾಲಯದ ಚಿಹಾಯಾ ಅಡಾಚಿ ತಂಡ 2012ರಲ್ಲಿ ವಿಳಂಬಿತ ಪ್ರತಿದೀಪ್ತಿಯಿಂದ (ಅಣುವಿನ ಶಕ್ತಿ ತುಸು ತಡವಾಗಿ ಬೆಳಕಾಗುವ ಬಗೆಯಿಂದ) ಶೇ 19ಕ್ಕೂ ಮೀರಿದ ಬಾಹ್ಯ ದಕ್ಷತೆ, ಅಂದರೆ ಒಳಹೋದ ಎಲೆಕ್ಟ್ರಾನ್‌ಗಳಿಗೆ ಪ್ರತಿಯಾಗಿ ಸಾಧನದಿಂದ ಹೊರಬಂದ ಬೆಳಕಿನ ಕಣಗಳ ಪ್ರಮಾಣ, ತೋರಿಸಿತು. ಇಂಥ ಅಂಕಿ ಕಂಡಾಗಲೆಲ್ಲ ಅದು ಎಷ್ಟು ಪ್ರಕಾಶದಲ್ಲಿ ಸಿಕ್ಕಿದ್ದು, ಪ್ರಕಾಶ ಏರಿದಂತೆ ಎಷ್ಟು ಕುಸಿಯಿತು, ಸಾಧನ ಎಷ್ಟು ಗಂಟೆ ಉರಿಯಿತು ಎಂಬ ಮೂರನ್ನು ನಕ್ಷೆಯಲ್ಲಿ ಹುಡುಕಿ, ಸಂಖ್ಯೆಯ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.