ಹೊಳೆ ನೋಡ್ಕೊಳೋಕೆ ಗಾಳದವರ ಗುಂಪು ಕಟ್ಟೋದು ಹೇಗೆ: ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ

ಮೊದ್ಲೇ ಹೇಳ್ಬಿಡ್ತೀನಿ, ನಮ್ಮ ಕಡೆ ಟ್ರೌಟ್ ಮೀನು ಇಲ್ಲ. ಬೆಂಗಳೂರಿಂದ ಹೋಂಸ್ಟೇಗೆ ಬಂದೋರು ಕೈಯಲ್ಲಿ ಹೊಸ ರಾಡ್ ಹಿಡ್ಕೊಂಡು ಹೇಮಾವತಿಲಿ ಟ್ರೌಟ್ ಸಿಗುತ್ತಾ ಸರ್ ಅಂತ ಕೇಳ್ತಾನೇ ಇರ್ತಾರೆ. ಸಿಗಲ್ಲ ಮಾರಾಯ್ರೇ. ಅದಕ್ಕೆ ತಣ್ಣೀರು ಬೇಕು, ನೀರು 20 ಡಿಗ್ರಿ ದಾಟಿದ್ರೆ ಒದ್ದಾಡೋಕೆ ಶುರು ಮಾಡುತ್ತೆ, ದಕ್ಷಿಣದಲ್ಲಿ ಅದು ಬದುಕಿರೋದು ನೀಲಗಿರಿ ಮುನ್ನಾರ್ ಕಡೆ ಎತ್ತರದ ಹಳ್ಳಗಳಲ್ಲಿ, ಅದೂ ಬ್ರಿಟಿಷರ ಕಾಲದಲ್ಲಿ ಹೊರಗಿಂದ ತಂದು ಬಿಟ್ಟಿದ್ದು.

ಆದ್ರೆ ಟ್ರೌಟ್ ಹಿಡಿಯೋರ ಹತ್ರ ಕಲಿಯೋದಿದೆ. ಅಮೆರಿಕದ ಮಿಶಿಗನ್‌ನಲ್ಲಿ 1959ರಲ್ಲಿ ಒಂದಷ್ಟು ಗಾಳದವರು ಸೇರಿ ಟ್ರೌಟ್ ಅನ್‌ಲಿಮಿಟೆಡ್ ಅಂತ ಸಂಘ ಮಾಡಿದ್ರು, ಅವರ ಜಗಳ ಏನಪ್ಪಾ ಅಂದ್ರೆ ಸರ್ಕಾರ ಸುಮ್ನೆ ಫಾರಂ ಮರಿ ತಂದು ತಂದು ಸುರಿಯೋದು ಬಿಟ್ಟು ಹೊಳೆ ಸರಿ ಮಾಡ್ಲಿ, ಹೊಳೆ ನೆಟ್ಟಗಿದ್ರೆ ಮೀನು ತಾನಾಗೇ ಆಗುತ್ತೆ ಅಂತ. ಇಂಗ್ಲೆಂಡಲ್ಲಂತೂ ಗಾಳ ಹಾಕೋರೇ ತಿಂಗಳಿಗೊಂದ್ಸಲ ನೀರಿಗಿಳಿದು ಹುಳ ಎಣಿಸಿ ಬರೆದಿಡ್ತಾರೆ, ಹುಳ ಇದ್ದಕ್ಕಿದ್ದಂಗೆ ಕಮ್ಮಿಯಾದ್ರೆ ಪರಿಸರ ಇಲಾಖೆ ಆಫೀಸಿಗೆ ಫೋನ್ ಹೋಗುತ್ತೆ. ನಾವು ಏಳು ಜನ ಇದನ್ನೇ ಕದ್ದು ನಮ್ಮ ಹಳ್ಳಕ್ಕೆ ಹೊಂದಿಸ್ಕೊಂಡ್ವಿ. ನೀವೂ ಮಾಡೋದಾದ್ರೆ ಹೇಗೆ ಅಂತ ಬರೀತಿದೀನಿ.

ಶುರು ಮಾಡೋವಾಗ ಬ್ಯಾನರ್ರು, ಟೀ ಶರ್ಟು, ಸ್ವಚ್ಛತಾ ಕಾರ್ಯಕ್ರಮ ಇದ್ಯಾವುದೂ ಬೇಡ. ನಾವು ಮಾಡಿ ಕೆಟ್ವಿ. ಸೇತುವೆ ಕೆಳಗೆ ಒಂದಿಡೀ ಭಾನುವಾರ ಬಾಟ್ಲಿ, ಡೈಪರ್ರು, ಹಳೇ ಸೀರೆ ಎಲ್ಲ ಆರಿಸಿ ಮೂವತ್ತು ಚೀಲ ತುಂಬ್ಸಿ ಫೋಟೋ ತೆಗ್ಸಿ ಅಲ್ಲೇ ಇಟ್ಟು ಮನೆಗೆ ಬಂದ್ವಿ, ಯಾರೋ ಬಂದು ಎತ್ಕೊಂಡು ಹೋಗ್ತಾರೆ ಅಂತ. ಯಾರೂ ಬರ್ಲಿಲ್ಲ. ಮೇ ತಿಂಗಳ ಮೊದಲ ದೊಡ್ಡ ಮಳೆಗೆ ಮೂವತ್ತೂ ಚೀಲ ಹೊಳೆಗೇ ಹೋಯ್ತು, ಅಂದ್ರೆ ದಡದ ಮೇಲೆ ಚದುರಿದ್ದ ಕಸನ ನಾವೇ ಚೀಲ ಕಟ್ಟಿ ಪಾರ್ಸಲ್ ಮಾಡಿ ಕಳಿಸಿದ ಹಂಗಾಯ್ತು. ಕಸ ಎತ್ತೋದಾದ್ರೆ ಮೊದ್ಲು ಪಂಚಾಯ್ತಿಲಿ ಟ್ರ್ಯಾಕ್ಟರ್ ಯಾವತ್ತು ಎಷ್ಟೊತ್ತಿಗೆ ಬರುತ್ತೆ ಅಂತ ಗಟ್ಟಿ ಮಾಡ್ಕೊಂಡು ಆಮೇಲೆ ಚೀಲ ತಗೊಳ್ಳಿ.

ಜನ ಯಾರು ಬೇಕು ಅಂದ್ರೆ, ಹೊಳೆ ಹತ್ರ ದಿನಾ ಇರೋರು. ಗಾಳ ಹಾಕೋರು, ಬೀಸುಬಲೆ ಇರೋರು, ದನ ಮೇಯಿಸೋರು, ತೋಟದ ಪಂಪ್‌ಸೆಟ್ ನೋಡ್ಕೊಳೋ ಹುಡುಗ. ಪರಿಸರದ ಮೇಲೆ ಭಾಷಣ ಮಾಡೋರು ಒಬ್ಬರಿದ್ರೆ ಸಾಕು, ಅವ್ರು ಅರ್ಜಿ ಬರೀತಾರೆ. ಹಿಂದೆ ತೋಟೆ (ನೀರಲ್ಲಿ ಸಿಡಿಸೋ ಮದ್ದು) ಹೊಡೆದು ಮೀನು ಹಿಡೀತಿದ್ದೋರನ್ನ ದೂರ ಇಡ್ಬೇಡಿ, ಯಾವ ಮಡುವಲ್ಲಿ ಯಾವ ಮೀನು ಯಾವಾಗ ಇರುತ್ತೆ ಅಂತ ಅವರಿಗೆ ಗೊತ್ತಿರೋಷ್ಟು ಯಾರಿಗೂ ಗೊತ್ತಿಲ್ಲ. ಕಾವೇರಿ ಕೆಳಗಡೆ ಮಹಶೀರ್ ಅನ್ನೋ ದೊಡ್ಡ ಮೀನಿಗೆ ಗಾಳ ಹಾಕೋ ಕ್ಯಾಂಪ್‌ಗಳು ನಡೀತಿದ್ದಾಗ ಹಿಂಗೇ ಮಾಡಿದ್ರು, ಕದ್ದು ಹಿಡಿಯೋರನ್ನೇ ಕಾವಲಿಗೆ, ಗೈಡ್ ಕೆಲಸಕ್ಕೆ ಇಟ್ಕೊಂಡ್ರು. ನಮ್ಮಲ್ಲೂ ಒಬ್ರು ಹಿರಿಯರಿದ್ದಾರೆ, ಒಂದ್ಕಾಲದಲ್ಲಿ ತೋಟೆಗೆ ಫೇಮಸ್ಸು, ಈಗ ನಮ್ಮಲ್ಲೆಲ್ಲ ಕಟ್ಟುನಿಟ್ಟು ಅವರೇ.

ಮುಂದೆ ಜಾಗ. ಇಡೀ ಹೇಮಾವತಿ ಕಾಪಾಡ್ತೀವಿ ಅಂತ ಹೊರಡ್ಬೇಡಿ. ಮೂಡಿಗೆರೆ ತಾಲೂಕಿನ ಬಲ್ಲಾಳರಾಯನ ದುರ್ಗದ ಬುಡದಲ್ಲಿ, ಜಾವಳಿ ಹತ್ರ ಹುಟ್ಟಿ ಸಕಲೇಶಪುರ ದಾಟಿ ಗೊರೂರು ಡ್ಯಾಮಿಗೆ ಹೋಗೋ ಹೊಳೆ ಅದು, ನಮ್ಮ ಕೈಲಿ ಆಗೋದಲ್ಲ. ನಿಮ್ಮೂರ ಹಳ್ಳದಲ್ಲಿ ಎರಡು ಕಿಲೋಮೀಟರ್ ಸಾಕು. ಅದರಲ್ಲಿ ಮೂರು ಪಾಯಿಂಟ್ ಗುರುತು ಮಾಡ್ಕೊಳ್ಳಿ: ಊರು ತೋಟ ಎಲ್ಲಾದಕ್ಕಿಂತ ಮೇಲೆ ಒಂದು, ಮಧ್ಯೆ ಒಂದು, ಎಲ್ಲ ಸೇರಿದ ಮೇಲೆ ಕೆಳಗೊಂದು. ಮೇಲಿನ ಪಾಯಿಂಟೇ ನಿಮ್ಮ ಅಳತೆಗೋಲು. ಅದಿಲ್ದೆ ಕೆಳಗಡೆ ನೀರು ಕೆಟ್ಟಿದೆ ಅಂತ ಹೇಳಿದ್ರೆ, ಈ ಹೊಳೆ ಮೊದ್ಲಿಂದ್ಲೂ ಹಿಂಗೇ ಅಂತ ಬಾಯಿ ಮುಚ್ಚಿಸ್ತಾರೆ.

ತಿಂಗಳಿಗೊಂದ್ಸಲ ಮೂರು ಜಾಗದಲ್ಲೂ ಮಾಡೋ ಕೆಲಸ ಇಷ್ಟು. ನೀರಿನ ಬಿಸಿ, ಪಿಎಚ್ ಪಟ್ಟಿ (ನೀರು ಹುಳಿನಾ ಕ್ಷಾರನಾ ಅಂತ ತೋರಿಸೋ ಕಾಗದ), ಆಕ್ಸಿಜನ್ ಕಿಟ್. ಕಿಟ್ ಅಂದ್ರೆ ಹೆದರ್ಬೇಡಿ, ಅಕ್ವೇರಿಯಂ ಅಂಗಡಿಲಿ ಸಿಗೋ ಹನಿ ಹಾಕಿ ಬಣ್ಣ ನೋಡೋದೇ ಸಾಕು. ನಮ್ಮ ಎತ್ತರದಲ್ಲಿ 25 ಡಿಗ್ರಿ ನೀರು ಲೀಟರಿಗೆ ಏಳೂವರೆ ಮಿಲಿಗ್ರಾಂ ಸುತ್ತಮುತ್ತ ಆಕ್ಸಿಜನ್ ಹಿಡ್ಕೊಳುತ್ತೆ, 5ಕ್ಕಿಂತ ಕೆಳಗಿಳಿದ್ರೆ ಮೀನಿಗೆ ಕಷ್ಟ, 2ಕ್ಕೆ ಬಂದ್ರೆ ಹೆಚ್ಚಿನವು ತೇಲ್ತವೆ. ಆಕ್ಸಿಜನ್ ಅತಿ ಕಮ್ಮಿ ಇರೋದು ಬೆಳಗಿನ ಜಾವ, ಅಳೆಯೋದಾದ್ರೆ ಆವಾಗ್ಲೇ ಅಳೀಬೇಕು ಅಂತ ಓದಿದೋರು ಹೇಳ್ತಾರೆ, ಸರಿ, ಆದ್ರೆ ಸಕಲೇಶಪುರ ಆಲೂರು ಕಡೆ ಬೆಳಗಿನ ಜಾವ ಹೊಳೆ ದಡದಲ್ಲಿ ಆನೆ ಇರುತ್ತೆ, ಅದಕ್ಕೆ ನಮ್ಮ ಟೈಮು ಎಂಟೂವರೆ. ಯಾವ ಟೈಮಾದ್ರೂ ಪರ್ವಾಗಿಲ್ಲ, ಪ್ರತಿ ತಿಂಗಳೂ ಅದೇ ಟೈಮಿರ್ಬೇಕು ಅಷ್ಟೆ.

ನೀರಿನ ಹರಿವು ಅಳೆಯೋಕೆ ಒಂದು ಕಿತ್ತಳೆ ಹಣ್ಣು ಸಾಕು. ಅದು ಹೆಚ್ಚುಪಾಲು ಮುಳುಗಿ ತೇಲುತ್ತೆ, ಗಾಳಿಗೆ ಓಡಲ್ಲ, ಕಣ್ಣಿಗೂ ಕಾಣುತ್ತೆ. ಹತ್ತು ಮೀಟರ್ ಹಗ್ಗ ಹಿಡಿದು ಅಷ್ಟು ದೂರ ಹೋಗೋಕೆ ಎಷ್ಟು ಸೆಕೆಂಡ್ ಅಂತ ಮೂರ್ಸಲ ನೋಡಿ ಸರಾಸರಿ ತಗೊಳ್ಳಿ. 25 ಸೆಕೆಂಡ್ ಆಯ್ತು ಅಂದ್ಕೊಳ್ಳಿ, ವೇಗ ಸೆಕೆಂಡಿಗೆ 0.4 ಮೀಟರ್. ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಓಡುತ್ತಲ್ಲ, ಅದಕ್ಕೆ 0.85ರಿಂದ ಗುಣಿಸಿ, 0.34. ಹಳ್ಳದ ಅಗಲ 6 ಮೀಟರ್, ಸರಾಸರಿ ಆಳ 0.4 ಮೀಟರ್ ಇದ್ರೆ ಎಲ್ಲ ಗುಣಿಸಿದಾಗ ಸೆಕೆಂಡಿಗೆ ಸುಮಾರು 816 ಲೀಟರ್. ಹಣ್ಣನ್ನ ಕೆಳಗೆ ಒಬ್ಬ ನಿಂತು ಹಿಡೀಬೇಕು, ನಮ್ಮಲ್ಲಿ ಹಿಡಿದೋನೇ ತಿನ್ನೋದು ಅಂತ ರೂಲ್ಸು.

ಇನ್ನು ಹುಳ. ಇದೇ ನಿಜವಾದ ಮಜಾ. ಥರ್ಮಾಮೀಟರ್ ಇವತ್ತಿನ ನೀರು ಹೇಳುತ್ತೆ, ಹುಳ ಕಳೆದ ಎರಡ್ಮೂರು ತಿಂಗಳ ಕತೆ ಹೇಳುತ್ತೆ, ಯಾಕಂದ್ರೆ ಅದು ಕಲ್ಲಿಗೆ ಕಚ್ಕೊಂಡು ಅಲ್ಲೇ ಬೆಳೀಬೇಕು, ಕೆಟ್ಟ ನೀರು ಬಂದ್ರೆ ಮೀನಿನ ಥರ ಓಡೋಕಾಗಲ್ಲ. ಸೊಳ್ಳೆಪರದೆ ಬಟ್ಟೆನ ಎರಡು ಕೋಲಿಗೆ ಕಟ್ಟಿ, ಕಲ್ಲಿನ ಮೇಲೆ ನೀರು ಜುಳುಜುಳು ಹರಿಯೋ ಜಾಗದಲ್ಲಿ ಒಬ್ಬ ಹಿಡ್ಕೊಳ್ಳಿ, ಇನ್ನೊಬ್ಬ ಅದರ ಮುಂದೆ ಮೂರು ನಿಮಿಷ ಕಾಲಲ್ಲಿ ತಳದ ಕಲ್ಲು ಕೆದಕ್ಲಿ, ಎದ್ದಿದ್ದೆಲ್ಲ ಬಂದು ಬಟ್ಟೆಗೆ ಬೀಳುತ್ತೆ. ಬಿಳಿ ಬೇಸನ್‌ಗೆ ನೀರು ಹಾಕಿ ಅದರಲ್ಲಿ ತೊಳೆದು ಎಣಿಸಿ. ಬಾಲದ ಥರ ಮೂರು ಎಳೆ ಇದ್ದು ಹೊಟ್ಟೆ ಪಕ್ಕ ಗರಿಗರಿ ಅಲ್ಲಾಡಿಸ್ತಿದ್ರೆ ಮೇಫ್ಲೈ ಮರಿ. ಎರಡೇ ಬಾಲ, ಹೊಟ್ಟೆ ಪಕ್ಕ ಗರಿ ಇಲ್ಲ, ಕಾಲಿನ ತುದಿಗೆ ಎರಡೆರಡು ಉಗುರು ಅಂದ್ರೆ ಸ್ಟೋನ್‌ಫ್ಲೈ, ಇದು ಬಹಳ ನಾಜೂಕು, ಇದಿದ್ರೆ ನೀರು ಫಸ್ಟ್‌ಕ್ಲಾಸ್. ಮರಳು ಕಡ್ಡಿ ಅಂಟಿಸ್ಕೊಂಡು ಸಣ್ಣ ಕೊಳವೆ ಮನೆ ಮಾಡ್ಕೊಂಡಿರೋದು ಕ್ಯಾಡಿಸ್. ಬರೀ ಕೆಂಪು ದಾರದಂಥ ಹುಳ ಮಾತ್ರ ಇದ್ರೆ ಸುದ್ದಿ ಒಳ್ಳೇದಲ್ಲ, ಅದರ ಮೈಯಲ್ಲಿ ನಮ್ಮ ರಕ್ತದಲ್ಲಿರೋ ಥರದ್ದೇ ಹಿಮೋಗ್ಲೋಬಿನ್ ಇರುತ್ತೆ, ಆಕ್ಸಿಜನ್ ಇಲ್ಲದ ಕೆಸರಲ್ಲೂ ಬದುಕುತ್ತೆ. ಎಣಿಸಿ ಆದ್ಮೇಲೆ ವಾಪಸ್ ಬಿಡಿ. ಸ್ಕೂಲ್ ಮಕ್ಕಳನ್ನ ಒಂದ್ಸಲ ಕರ್ಕೊಂಡು ಹೋಗಿ, ಮುಂದಿನ ತಿಂಗಳು ಅವ್ರೇ ನಿಮ್ಮನ್ನ ಎಬ್ಬಿಸ್ತಾರೆ.

ಈ ಅಳತೆ, ಎಣಿಕೆ ಎಲ್ಲ ಬರೆದಿಡೋ ಪುಸ್ತಕ ಯಾಕೆ ಮುಖ್ಯ ಅಂತ ನಮಗೆ ಗೊತ್ತಾಗಿದ್ದು ಒಂದು ಜನವರಿಲಿ. ಕಾಫಿ ಕುಯ್ಲು ಮುಗಿಯೋ ಟೈಮು, ಮಡುವಲ್ಲಿ ಮೀನು ಬೆಳ್ಳಗೆ ತೇಲ್ತಿತ್ತು, ನೀರು ಕಪ್ಪು, ಮೇಲೆ ನೊರೆ, ಹುಳಿ ವಾಸನೆ. ನಮ್ಮ ಕಡೆಯವರಿಗೆ ಹೇಳೋದೇ ಬೇಡ, ಪಲ್ಪರ್ ನೀರು, ಅಂದ್ರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಮೆಷಿನ್ನಿಂದ ಬರೋ ನೀರು. ಹಣ್ಣಿನ ಸಿಪ್ಪೆ ಲೋಳೆ ಎಲ್ಲ ಸಕ್ಕರೆ, ಅದು ಹಳ್ಳಕ್ಕೆ ಬಂದ್ರೆ ಕೊಳೆಸೋ ಬ್ಯಾಕ್ಟೀರಿಯಾಗಳು ಹಬ್ಬ ಮಾಡ್ತವೆ, ಮಾಡ್ತಾ ನೀರಲ್ಲಿರೋ ಆಕ್ಸಿಜನ್ ಅಷ್ಟೂ ಎಳ್ಕೊಂಡ್ಬಿಡ್ತವೆ. ಅದೂ ಹೊಳೆ ಬತ್ತೋ ಸಮಯಕ್ಕೇ ಸರಿಯಾಗಿ. ಮೊದ್ಲಾಗಿದ್ರೆ ಕೂಗಾಡಿ ಸುಮ್ನಾಗ್ತಿದ್ವಿ. ಈ ಸಲ ಹದಿನಾಲ್ಕು ತಿಂಗಳ ಪುಸ್ತಕ ಹಿಡ್ಕೊಂಡು ಇಬ್ರೇ ಹೋಗಿ ತೋಟದ ಸಾಹುಕಾರರ ಜಗಲಿ ಮೇಲೆ ಕೂತು ತೋರಿಸಿದ್ವಿ, ನೋಡಿ ಸಾರ್ ಮೇಲಿನ ಪಾಯಿಂಟಲ್ಲಿ ಆಕ್ಸಿಜನ್ 7, ನಿಮ್ಮ ತೋಟ ದಾಟಿದ್ಮೇಲೆ 1, ಹೋದ ವರ್ಷ ಇದೇ ಜಾಗದಲ್ಲಿ ನವೆಂಬರಲ್ಲಿ 7 ಇತ್ತು ಅಂತ. ಅವ್ರು ತೋಟದ ಕೆಲಸ ನೋಡ್ಕೊಳೋ ರೈಟರ್‌ನ ಕರೆಸಿ ಕೇಳಿದ್ರು, ನೀರು ನಿಲ್ಸೋ ಗುಂಡಿ ತುಂಬಿ ಹೊಡೆದು ಹೋಗಿತ್ತಂತೆ, ಯಾರೂ ಹೇಳಿರ್ಲಿಲ್ಲ. ಮುಂದಿನ ಕುಯ್ಲಿಗೆ ಎರಡು ಹೊಸ ಗುಂಡಿ, ಪಲ್ಪರ್ ನೀರನ್ನೇ ತಿರುಗಿ ಬಳಸೋ ಪಂಪು ಬಂತು. ಎಲ್ಲರೂ ಹಿಂಗಿರಲ್ಲ ಬಿಡಿ. ಮಾತು ಕೇಳ್ದಿದ್ರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಾರೀಖು, ಜಾಗ, ಅಳತೆ ಹಾಕಿ ಲಿಖಿತ ದೂರು ಕೊಡಿ. ಮೊದ್ಲು ಜಗಲಿ, ಆಮೇಲೆ ಮಂಡಳಿ. ನೀರು ಹೆಂಗೆ ಸಂಸ್ಕರಣೆ ಮಾಡೋದು ಅಂತ ಕೇಳೋ ತೋಟದವರಿಗೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ದಾರಿ ತೋರಿಸಿ.

ಇನ್ನೊಂದು ಕಣ್ಣಿಗೆ ಕಾಣದ ಶತ್ರು ಬೋರ್ಡೋ. ಕೊಳೆರೋಗಕ್ಕೆ ಮೈಲುತುತ್ತ ಸುಣ್ಣ ಕಲಸಿ ಹೊಡೆದ್ಮೇಲೆ ಡ್ರಮ್ಮು, ಗನ್ನು ಎಲ್ಲ ತಂದು ಹಳ್ಳದಲ್ಲೇ ತೊಳೀತೀವಿ. ತಾಮ್ರ ಮೀನಿಗೂ ಹುಳಕ್ಕೂ ವಿಷ. ಡ್ರಮ್ ತೊಳೆದ ನೀರನ್ನ ತೋಟದೊಳಗೇ ಚೆಲ್ಲಿ ಅಂತ ಹೇಳೋಕೆ ಖರ್ಚೂ ಇಲ್ಲ ಜಗಳನೂ ಇಲ್ಲ, ಎಲ್ಲಕ್ಕಿಂತ ಸುಲಭಕ್ಕೆ ಕೆಲಸ ಆಗಿದ್ದು ಇದೊಂದೇ.

ಮೀನು ಹಿಡಿಯೋ ವಿಷ್ಯಕ್ಕೆ ಬರೋಣ, ಇಲ್ಲೇ ಗುಂಪು ಒಡೆಯೋದು. ತೋಟೆ, ಬ್ಲೀಚಿಂಗ್ ಪೌಡರ್, ಕಾರೆಕಾಯಿ, ಕರೆಂಟ್, ಇವು ಯಾವುದೂ ಇಲ್ಲ, ಚರ್ಚೆನೂ ಇಲ್ಲ. ಡೈನಮೈಟ್ ಮತ್ತೆ ವಿಷ 1897ರ ಮೀನುಗಾರಿಕೆ ಕಾಯ್ದೆಯಿಂದ್ಲೇ ಅಪರಾಧ. ಭದ್ರಾ ಹುಲಿ ಮೀಸಲು, ಕುದುರೆಮುಖ ನ್ಯಾಷನಲ್ ಪಾರ್ಕ್ ಒಳಗೆ ಗಾಳನೂ ಹಾಕಂಗಿಲ್ಲ, ಶೃಂಗೇರಿ ದೇವರ ಮೀನಂತೂ ಮುಟ್ಟೋ ಮಾತೇ ಇಲ್ಲ. ಬೇರೆ ಕಡೆ ಯಾವ ನೀರು ಟೆಂಡರ್ ಆಗಿದೆ, ಲೈಸೆನ್ಸ್ ಏನು ಅಂತ ತಾಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಆಫೀಸಲ್ಲಿ ಕೇಳಿ ಬರವಣಿಗೆಲಿ ತಗೊಳ್ಳಿ.

ಹತ್ತುಮೀನಿನ ವಿಷ್ಯ ಮಾತ್ರ ಅಷ್ಟು ಸಲೀಸಲ್ಲ. ಜೂನ್ ಮಳೆಗೆ ಮೀನು ಮೊಟ್ಟೆ ಇಡೋಕೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತೆ, ಆ ರಾತ್ರಿ ಟಾರ್ಚ್ ಹಿಡ್ಕೊಂಡು, ಮಳೆಗೆ ಗೊಪ್ಪೆ ಹಾಕ್ಕೊಂಡು ಹೋಗೋದು ನಮ್ಮಪ್ಪನ ಕಾಲದಿಂದ ಬಂದ ಹಬ್ಬ, ಬೇಡ ಅಂದ್ರೆ ಯಾರೂ ಕೇಳಲ್ಲ, ನಾನೂ ಕೇಳ್ತಿರ್ಲಿಲ್ಲ. ಆದ್ರೆ ಹೊಟ್ಟೆ ತುಂಬ ಮೊಟ್ಟೆ ಇರೋ ಮೀನದು. ಕೊನೆಗೆ ನಾವು ಒಪ್ಕೊಂಡಿದ್ದು: ಹಳ್ಳದ ಅಡ್ಡಕ್ಕೆ ಪೂರ್ತಿ ಕೂಣಿ (ಮೀನು ಹಿಡಿಯೋ ಬುಟ್ಟಿ) ಕಟ್ಟೋದು ಬೇಡ, ಅರ್ಧ ಹಳ್ಳ ಬಿಟ್ಟಿರ್ಬೇಕು, ಮತ್ತೆ ಮೊದಲ ಎರಡು ರಾತ್ರಿ ಯಾರೂ ಇಳಿಯೋ ಹಾಗಿಲ್ಲ. ಎಲ್ಲರೂ ಪಾಲಿಸ್ತಾರೆ ಅಂತ ಹೇಳಲ್ಲ. ಅರ್ಧಕ್ಕರ್ಧ ಜನ ಪಾಲಿಸ್ತಾರೆ.

ಮಹಶೀರ್ ಗಾಳಕ್ಕೆ ಬಿದ್ರೆ ವಾಪಸ್ ಬಿಡ್ಲೇಬೇಕು. ಕೊಕ್ಕೆಯ ಹಿಮ್ಮುಳ್ಳನ್ನ ಮೊದ್ಲೇ ಕಟಿಂಗ್ ಪ್ಲೇಯರಲ್ಲಿ ಒತ್ತಿ ಚಪ್ಪಟೆ ಮಾಡಿಟ್ಕೊಳ್ಳಿ, ಆಗ ಸಲೀಸಾಗಿ ಬಿಡಿಸ್ಬಹುದು. ಕೈ ಒದ್ದೆ ಮಾಡ್ಕೊಂಡು ಮುಟ್ಟಿ, ಒಣ ಕೈ ತಾಗಿದ್ರೆ ಮೈ ಮೇಲಿನ ಲೋಳೆ ಕಿತ್ತು ಬರುತ್ತೆ, ಆಮೇಲೆ ಬೂಸ್ಟು ಹಿಡಿಯುತ್ತೆ. ಮಂಡಿ ಮೇಲೆ ಮಲಗಿಸ್ಕೊಂಡು ಹತ್ತು ಸೆಲ್ಫಿ ತೆಗೀಬೇಡಿ, ನೀವು ಉಸಿರು ಬಿಗಿ ಹಿಡಿದು ನೋಡಿ, ನಿಮಗೆ ಕಷ್ಟ ಆದಾಗ ಅದಕ್ಕೂ ಆಗಿರುತ್ತೆ. ಹರಿವಿಗೆ ಮುಖ ಮಾಡಿ ನೀರಲ್ಲೇ ಹಿಡ್ಕೊಂಡಿರಿ, ತಾನಾಗೇ ಕೈಯಿಂದ ಜಾರಿ ಹೋಗೋವರೆಗೂ.

ಮೀನು ಕಮ್ಮಿಯಾಗಿದೆ, ಮರಿ ತಂದು ಬಿಡೋಣ ಅನ್ನೋರು ಗುಂಪಲ್ಲಿ ಒಬ್ಬರಾದ್ರೂ ಹುಟ್ಕೋತಾರೆ. ಬೇಡ. ಕಾವೇರಿಲಿ ಇದೇ ಆಯ್ತು, ಒಳ್ಳೇ ಉದ್ದೇಶಕ್ಕೇ ಲೋನಾವಳಾ ಕಡೆಯಿಂದ ನೀಲಿ ರೆಕ್ಕೆಯ ಮಹಶೀರ್ ಮರಿ ತಂದು ಬಿಟ್ರು, ಅದು ಹಬ್ಬಿತು, ಕಾವೇರಿಯದ್ದೇ ಆದ ಕಿತ್ತಳೆ ರೆಕ್ಕೆಯ ಗೂನು ಮಹಶೀರ್ ಮೂಲೆಗೆ ಬಿತ್ತು. ಇದೇ ಟಾರ್ ರೆಮಾದೇವಿ ಅಂತ ವಿಜ್ಞಾನಿಗಳು ಗುರುತಿಸೋ ಹೊತ್ತಿಗೆ 2018 ಆಗಿತ್ತು, ಅಷ್ಟೊತ್ತಿಗೆ ಅದು ಅಳಿವಿನ ಅಂಚಲ್ಲಿತ್ತು. ನಮ್ಮ ಮೂಡಿಗೆರೆ ಸುತ್ತ ಇದು ಇನ್ನೂ ಸೂಕ್ಷ್ಮ, ಒಂದು ಗುಡ್ಡದ ಈ ಕಡೆ ಬಿದ್ದ ಮಳೆ ಹೇಮಾವತಿ ಸೇರಿ ಕಾವೇರಿಗೆ, ಆ ಕಡೆ ಬಿದ್ದಿದ್ದು ಭದ್ರಾ ಸೇರಿ ಕೃಷ್ಣೆಗೆ, ಚಾರ್ಮಾಡಿ ಕೆಳಗೆ ಇಳಿದಿದ್ದು ನೇತ್ರಾವತಿಗೆ. ಬಕೆಟಲ್ಲಿ ಮೀನು ಹಾಕ್ಕೊಂಡು ಬೈಕಲ್ಲಿ ಅರ್ಧ ಗಂಟೆ ಹೋದ್ರೆ ಬೇರೆ ನದಿ ಸೀಮೆ. ಅಕ್ವೇರಿಯಂ ಮೀನು ಸಾಕೋಕಾಗಲ್ಲ ಅಂತ ಹಳ್ಳಕ್ಕೆ ಬಿಡೋದೂ ಇದೇ ಲೆಕ್ಕ.

ದಡದಲ್ಲಿ ಗಿಡ ಹಾಕೋದು ಜೂನಲ್ಲಿ. ಹೊಳೆಮತ್ತಿ, ಅತ್ತಿ, ನೇರಳೆ, ಹೊಂಗೆ, ಸವೆತ ಇರೋ ಕಡೆ ವಾಟೆ, ಲಕ್ಕಿ. ಸಿಲ್ವರ್ ಓಕ್ ಬೇಡ, ಅದು ಮೆಣಸಿನ ಬಳ್ಳಿಗೆ ಇರ್ಲಿ. ನೆರಳಿದ್ರೆ ಏಪ್ರಿಲಲ್ಲೂ ನೀರು ತಣ್ಣಗಿರುತ್ತೆ. ಎರಡು ವರ್ಷ ದನದಿಂದ ಕಾಯೋಕೆ ಯಾರಿದ್ದಾರೆ ಅಂತ ನೋಡ್ಕೊಂಡು ಅಷ್ಟೇ ಗಿಡ ನೆಡಿ, ನಮ್ಮದು ಇನ್ನೂರರಲ್ಲಿ ಉಳಿದಿದ್ದು ನಲವತ್ತು.

ಜುಲೈ ಆಗಸ್ಟಲ್ಲಿ ನೀರಿಗೆ ಇಳೀಬೇಡಿ, ದಡದಿಂದ ನೀರಿನ ಮಟ್ಟ, ಬಣ್ಣ ಬರೆದ್ರೆ ಸಾಕು. ಕಾಲಲ್ಲಿ ಗಾಯ ಇದ್ರೆ ಯಾವ ತಿಂಗಳಲ್ಲೂ ಇಳಿಯೋದು ಬೇಡ, ಇಲಿ ಜ್ವರ ಬರುತ್ತೆ. ಇಂಬಳಕ್ಕೆ ಹೊಗೆಸೊಪ್ಪು ಸುಣ್ಣ ಎಲ್ಲರಿಗೂ ಗೊತ್ತಿರೋದೇ. ಪುಸ್ತಕನ ಮೊಬೈಲಲ್ಲಿ ಫೋಟೋ ಹೊಡೆದು ಇಬ್ಬರ ಹತ್ರ ಇಟ್ಟಿರಿ, ಬರೆಯೋದು ಮಾತ್ರ ಪೆನ್ಸಿಲ್ಲಲ್ಲಿ, ನಮ್ಮ ಮೊದಲ ವರ್ಷದ ಜೂನ್ ಪುಟ ಪೂರ್ತಿ ನೀಲಿ ಕಲೆ, ಒಂದಕ್ಷರ ಓದೋಕಾಗಲ್ಲ.