ಹಿತ್ತಲಿಗೆ ಮರೆ: ಬಂದರಿಕೆ ಬೇಲಿ ಬೆಳೆಸಿದ ಬಗೆ

ಸಸಿ ತರುವ ಮುಂಚೆ ಕಾಗದದ ಮೇಲೆ ಒಂದು ಗೆರೆ ಎಳೆದೆ. ಪಕ್ಕದ ಮನೆಯ ಮೊದಲ ಮಹಡಿ ಕಿಟಕಿಯಲ್ಲಿ ನಿಂತವರ ಕಣ್ಣು ನೆಲದಿಂದ ಸುಮಾರು 16 ಅಡಿ, ನಮ್ಮ ಹಿತ್ತಲ ಕಲ್ಲಿನ ಮೇಲೆ ಕೂತವರದು 4 ಅಡಿ, ನಡುವೆ 12 ಅಡಿ ದೂರ. ಕಲ್ಲಿನಿಂದ ಒಂದು ಅಡಿ ಆಚೆ ಹೋದರೆ ನೋಟದ ಗೆರೆ ಒಂದು ಅಡಿ ಏರುತ್ತದೆ. ಬೇಲಿಯನ್ನು ಕಾಂಪೌಂಡಿಗೆ ಒತ್ತಿ, ಕಲ್ಲಿನಿಂದ 7 ಅಡಿ ಆಚೆ ಹಾಕಿದ್ದರೆ 11 ಅಡಿ ಎತ್ತರ ಬೇಕಿತ್ತು. 4 ಅಡಿಗೆ ಎಳೆದುಕೊಂಡೆ, 8 ಅಡಿ ಸಾಕಾಯಿತು. ಅಷ್ಟನ್ನು ಸ್ಟೂಲ್ ಹತ್ತಿ ಕತ್ತರಿಸಬಹುದು. ಕಾಂಪೌಂಡ್ ಕಡೆ ನಿಂತು ಕತ್ತರಿಸಲೂ ಜಾಗ ಉಳಿಯಿತು.

ನರ್ಸರಿಗಳಲ್ಲಿ ಬೇಗ ಮರೆ ಬೇಕೆಂದರೆ ಕೊನೊಕಾರ್ಪಸ್ ತೋರಿಸುತ್ತಾರೆ. ಬೇಗ ಬೆಳೆಯುವುದೇನೋ ನಿಜ, ಬೇರು ನೀರಿನ ಪೈಪು ಹುಡುಕಿ ಹೋಗುತ್ತದೆ. ಗುಜರಾತ್ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಬೇರಿನ ಕಾರಣಕ್ಕೇ ಸಂಪಿನ ಹತ್ತಿರ ಆಲದ ಜಾತಿಯ ಫೈಕಸ್ ಬೇಡವೇ ಬೇಡ. ಕಂಬದ ಅಶೋಕ ಎತ್ತರಕ್ಕೆ ಹೋಗುತ್ತದೆ, ಎರಡು ಮರದ ನಡುವಿನ ಕಿಂಡಿ ಹಾಗೇ ಇರುತ್ತದೆ. ದಾಸವಾಳ ಒತ್ತಾದರೆ ಹಿಟ್ಟು ತಿಗಣೆ ಬಿಡುವುದಿಲ್ಲ. ಬಯಲುಸೀಮೆಯ ಬಿಸಿಲಿಗೂ ಕಡಿಮೆ ನೀರಿಗೂ ಜಗ್ಗದ್ದು ನಮ್ಮ ಪೊದೆಗಿಡ ಬಂದರಿಕೆ. ಆಡು ಕೂಡ ಅಷ್ಟಾಗಿ ಬಾಯಿ ಹಾಕುವುದಿಲ್ಲ.

20 ಅಡಿ ಉದ್ದಕ್ಕೆ 2 ಅಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೋಡಬೇಕು. ಮನೆ ಕಟ್ಟಿದವರು ಸಿಮೆಂಟ್ ಗಾರೆ, ಇಟ್ಟಿಗೆ ಚೂರು ಹೂತಿರುವುದು ಹೆಚ್ಚಾಗಿ ಹಿತ್ತಲಲ್ಲೇ. ಅದನ್ನು ಆರಿಸದೆ ನೆಟ್ಟರೆ ಮಣ್ಣು ಸುಣ್ಣವಾಗಿ, ನರ ಹಸಿರಿದ್ದು ಎಲೆ ಹಳದಿಯಾಗಬಹುದು. ಗೊಬ್ಬರ ಸುರಿದರೂ ಸರಿಹೋಗದು, ಕಬ್ಬಿಣದ ಅಂಶ ಬೇರಿಗೆ ದಕ್ಕದಿರುವುದೇ ಕಾರಣ. ಎರಡು ಪಾಲು ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ. ನೀರು ನಿಂತರೆ ಬೇರು ಕೊಳೆಯುವುದರಿಂದ ಜಿಗುಟು ಮಣ್ಣಿಗೆ ಮರಳೂ ಬೇಕು. ಜೂನ್ ಮಳೆ ಹಿಡಿದ ಮೇಲೆ ಎರಡು ಸಾಲು: ಸಾಲಿನ ನಡುವೆ 1 ಅಡಿ, ಗಿಡದ ನಡುವೆ ಒಂದೂವರೆ ಅಡಿ, ಒಂದರ ಸಂದಿಗೆ ಇನ್ನೊಂದು ಬರುವಂತೆ. ಒಟ್ಟು 27 ಸಸಿ.

ಮುಂದಿನದು ಮನಸ್ಸು ಬಾರದ ಕೆಲಸ. 2 ಅಡಿ ಸಸಿಯನ್ನು ಬೇರು ಹಿಡಿದ ಕೂಡಲೇ 1 ಅಡಿಗೆ ಇಳಿಸಬೇಕು. ಆಗಲೇ ಬುಡದಿಂದ ಮೂರ್ನಾಲ್ಕು ಕವಲು ಒಡೆಯುವುದು. ಆಮೇಲೆ ಹೊಸ ಚಿಗುರು 8 ಅಂಗುಲ ಆದಾಗಲೆಲ್ಲ ಅರ್ಧಕ್ಕೆ ಚಿವುಟಬೇಕು. ಎತ್ತರದ ಆಸೆಗೆ ಮೊದಲ ವರ್ಷ ಬಿಟ್ಟವರ ಬೇಲಿ ಮೇಲೆ ಛತ್ರಿ, ಕೆಳಗೆ ಕಡ್ಡಿ. ಎಲೆಯಿಲ್ಲದ ಹಳೆ ಕಡ್ಡಿಗೆ ಕತ್ತರಿ ಹಾಕಿದರೆ ಅದು ಮತ್ತೆ ಚಿಗುರುವುದೂ ಅನುಮಾನ, ಆದ್ದರಿಂದ ಆಮೇಲೆ ಸರಿಪಡಿಸೋಣ ಅನ್ನುವ ಮಾತಿಲ್ಲ. ಬುಡದಲ್ಲಿ 3 ಅಡಿ, ತುದಿಯಲ್ಲಿ 2 ಅಡಿ ಅಗಲ ಇರುವಂತೆ ಓರೆಯಾಗಿ ಕತ್ತರಿಸುತ್ತೇನೆ. ಕೆಳಗಿನ ಎಲೆಗೂ ಬಿಸಿಲು ತಾಗುತ್ತದೆ.